ಇಪ್ಪತ್ತೊಂದರಲ್ಲಿ ಎಷ್ಟು

ಆರು ವರ್ಷ ಸಂಜೆ ಶಾಲೆಯಲ್ಲಿ ಕುಳಿತು ಹಲವು ಮೇಷ್ಟ್ರುಗಳನ್ನು ಕಂಡಿದ್ದೇನೆ. ಅಂಕ ಕೊಡುವ ವಿಷಯದಲ್ಲಿ ಅವರಲ್ಲಿ ಯಾರೂ ನಮ್ಮ ಇಲಿ ಮೇಷ್ಟ್ರಷ್ಟು ಬಿಗಿಯಾಗಿರಲಿಲ್ಲ. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಬೆನ್ನುಹುರಿಗೆ ಪೆಟ್ಟಾದ ಇಲಿಗಳು ಮತ್ತೆ ಎಷ್ಟರ ಮಟ್ಟಿಗೆ ನಡೆಯುತ್ತವೆ ಎಂದು ನೋಡಿ ಅಂಕ ಹಾಕುವುದು ಅವರ ಕೆಲಸವಾಗಿತ್ತು. ಅಂಕ ಹಾಕುವವರನ್ನು ಮೇಷ್ಟ್ರು ಎನ್ನದೆ ಇನ್ನೇನನ್ನಬೇಕು ಎಂದು ಯಾರೋ ಕರೆದರು, ಅದೇ ನಿಂತಿತು. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ನಮ್ಮ ಪ್ರಯೋಗಾಲಯ ಮೂರನೆಯ ಮಹಡಿಯ ಕೊನೆಯಲ್ಲಿತ್ತು. ಒಂದರ ಹಿಂದೆ ಒಂದು ಎರಡು ಬಾಗಿಲು. ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು. ಒಳಗೆ ಉಕ್ಕಿನ ಚೌಕಟ್ಟಿನಲ್ಲಿ ಇಪ್ಪತ್ತನಾಲ್ಕು ಗೂಡುಗಳು, ಮೇಲಿನ ಸಾಲಿನಲ್ಲಿ ಹನ್ನೆರಡು, ಕೆಳಗಿನ ಸಾಲಿನಲ್ಲಿ ಹನ್ನೆರಡು. ಮೇಲಿನದು ಎದೆಯ ಮಟ್ಟಕ್ಕೆ, ಕೆಳಗಿನದು ಮೊಣಕಾಲಿಗಿಂತ ಕೆಳಗೆ. ಈ ಎತ್ತರದ ವಿಷಯವನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾವು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಇಲಿಗಳಿಗೆ ಪ್ರಜ್ಞೆ ತಪ್ಪಿಸಿ, ಬೆನ್ನಿನ ನಡುಭಾಗದಲ್ಲಿ ಅಳತೆಯ ಪೆಟ್ಟು ಕೊಡುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಮೇಷ್ಟ್ರು ಆ ಕೋಣೆಗೆ ಎಂದೂ ಕಾಲಿಡಲಿಲ್ಲ. "ಅಲ್ಲಿ ಆಗೋದು ಅವರ ಕೆಲಸ, ಆಮೇಲೆ ಆಗೋದು ನನ್ನ ಕೆಲಸ" ಎನ್ನುತ್ತಿದ್ದರು. ಆಮೇಲೆ ಆಗುವುದು ಬಹಳವಿತ್ತು. ಎಚ್ಚರವಾದ ಇಲಿಗೆ ಸೊಂಟದಿಂದ ಕೆಳಗೆ ಏನೂ ತನ್ನದಲ್ಲ. ಮೂತ್ರವೂ ತಾನಾಗಿ ಹೋಗುವುದಿಲ್ಲ. ದಿನಕ್ಕೆ ಎರಡು ಸಲ ಒಂದೊಂದನ್ನೂ ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಹೊಟ್ಟೆಯ ಕೆಳಭಾಗವನ್ನು ಒತ್ತಿ ಖಾಲಿ ಮಾಡಿಸಬೇಕು. ತುಸು ಜೋರಾದರೆ ಇಲಿ ಸಾಯುತ್ತದೆ, ತುಸು ಮೆತ್ತಗಾದರೆ ನಾಲ್ಕು ದಿನದಲ್ಲಿ ಸಾಯುತ್ತದೆ. ಮೇಷ್ಟ್ರ ಕೈಯಲ್ಲಿ ಸತ್ತ ಇಲಿಯನ್ನು ನಾನು ನೋಡಿಲ್ಲ.

ವಾರಕ್ಕೆ ಎರಡು ದಿನ ಹತ್ತು ಗಂಟೆಗೆ ಪರೀಕ್ಷೆ. ಮೂರಡಿ ಅಗಲದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಇಲಿಯನ್ನು ಬಿಡುವುದು. ನಾಲ್ಕು ನಿಮಿಷ ನೋಡುವುದು. ತೊಟ್ಟಿಯ ಆ ಕಡೆ ಮೇಷ್ಟ್ರು, ಈ ಕಡೆ ನಾನು. ಗೂಡು ತೊಳೆಯುವ ಕೆಲಸಕ್ಕೆ ಸೇರಿದ ನನ್ನನ್ನು ಎರಡನೆಯ ಸ್ಟೂಲಿನ ಮೇಲೆ ಕೂರಿಸಿದವರು ಅವರೇ. ಇಬ್ಬರೂ ಮಾತಾಡಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು, ತಮ್ಮ ತಮ್ಮ ಕಾಗದದಲ್ಲಿ ಬರೆದು ಮಗುಚಿ ಇಡಬೇಕು. ಹಿಂಗಾಲು ಅಲುಗದಿದ್ದರೆ ಸೊನ್ನೆ. ಒಂದು ಕೀಲು ಚೂರು ಅಲುಗಿದರೆ ಒಂದು. ಪಾದ ಊರಿ ಮೈಭಾರ ಹೊತ್ತರೆ ಒಂಬತ್ತು. ಹೊತ್ತ ಭಾರದೊಡನೆ ಅಪರೂಪಕ್ಕೆ ಹೆಜ್ಜೆಯಿಟ್ಟರೆ ಹತ್ತು, ಮತ್ತೆ ಮತ್ತೆ ಇಟ್ಟರೆ ಹನ್ನೊಂದು. ಪೆಟ್ಟೇ ಬೀಳದ ಇಲಿಯ ಹಾಗೆ ಬಾಲವೆತ್ತಿ ನಡೆದರೆ ಇಪ್ಪತ್ತೊಂದು. ಇಪ್ಪತ್ತೊಂದನ್ನು ಮೇಷ್ಟ್ರು ಯಾರಿಗೂ ಕೊಟ್ಟಿರಲಿಲ್ಲ.

ಯಾವ ಇಲಿಗೆ ಯಾವ ಮದ್ದು ಎಂಬುದು ನಮಗೆ ತಿಳಿಯಬಾರದೆಂದು ಪರೀಕ್ಷೆಯ ದಿನ ಪ್ರಯೋಗ ನಡೆಸುತ್ತಿದ್ದ ಡಾಕ್ಟರಮ್ಮನೇ ಇಲಿಗಳ ಸರದಿಯನ್ನು ಕಲಸಿ, ಆ ದಿನಕ್ಕೆ ಮಾತ್ರ ಒಂದೊಂದಕ್ಕೂ ಒಂದು ಚೀಟಿ ಅಂಟಿಸಿ, ಮುಚ್ಚಿದ ಡಬ್ಬಿಯಲ್ಲಿ ತರುತ್ತಿದ್ದರು. ಮುಖ ನೋಡಿದರೆ ಗುರುತು ಸಿಕ್ಕೀತೆಂದು ಮೇಷ್ಟ್ರು ಇಲಿಯ ಮುಖವನ್ನೇ ನೋಡುತ್ತಿರಲಿಲ್ಲ.

ಒಂದು ದಿನ ಏಳನೆಯ ಚೀಟಿಯ ಇಲಿಗೆ ನಾನು ಹತ್ತು ಬರೆದಿದ್ದೆ, ಅವರು ಒಂಬತ್ತು.

"ಹೆಜ್ಜೆ ಹಾಕಿತಲ್ಲ ಮೇಷ್ಟ್ರೇ?"

"ಹಾಕಲಿಲ್ಲ ತಂಗಿ. ಜಾರಿತು."

"ಮುಂದಕ್ಕೆ ಹೋಯ್ತಲ್ಲ?"

"ಜಾರಿದವರೂ ಮುಂದಕ್ಕೇ ಹೋಗ್ತಾರೆ. ನೀನು ಅದಕ್ಕೆ ಒಳ್ಳೇದಾಗ್ಲಿ ಅಂತ ನೋಡ್ತಿದ್ದೀಯ. ಸುಮ್ನೆ ನೋಡು."

ನಾನು ಹತ್ತನ್ನು ಹೊಡೆದು ಒಂಬತ್ತು ಮಾಡಿದೆ. ಆ ದಿನ ನನಗೆ ಕೋಪ ಬಂದಿತ್ತು. ಅದಾದ ಮೇಲೆ ಯಾರ ಒಳ್ಳೆಯದಕ್ಕಾಗಿಯೂ ನಾನು ನೋಡಿಲ್ಲ.

ಮೇಷ್ಟ್ರು ಮದುವೆಯಾಗಿರಲಿಲ್ಲ. ಅಕ್ಕ ಮತ್ತು ಭಾವನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು, ಎರಡನೆಯ ಮಹಡಿಯಲ್ಲಿ. ಭಾವ ಲಿಫ್ಟ್ ಮೆಕ್ಯಾನಿಕ್. ಏಳು ವರ್ಷದ ಹಿಂದೆ ಒಂದು ಕಟ್ಟಡದಲ್ಲಿ ಬಾಗಿಲು ತೆರೆದಿತ್ತು, ಲಿಫ್ಟ್ ಬಂದಿರಲಿಲ್ಲ. ಅವರು ಒಳಗೆ ಹೆಜ್ಜೆಯಿಟ್ಟರು. ಅಂದಿನಿಂದ ಗಾಲಿಕುರ್ಚಿ. ಅವರಿದ್ದ ಕಟ್ಟಡದ ಲಿಫ್ಟ್ ತಿಂಗಳಿಗೆರಡು ಸಲ ಕೆಡುತ್ತಿತ್ತು, ಆಗೆಲ್ಲ ಭಾವ ಮೊಗಸಾಲೆಯಲ್ಲಿ ಕುಳಿತು ರಿಪೇರಿಗೆ ಬಂದವರನ್ನು ಬೈದೇ ಕೆಲಸ ಮಾಡಿಸುತ್ತಿದ್ದರು. ನಾನು ಭಾನುವಾರಗಳಲ್ಲಿ ಹೋದಾಗ ಅಕ್ಕ ಚಹಾ ಕೊಡುತ್ತಿದ್ದರು, ಭಾವ ಮಾತು ಕೊಡುತ್ತಿದ್ದರು.

"ಏನೋ ಭಾಮೈದ, ಈ ವಾರ ನಿನ್ನ ಇಲಿ ಎಷ್ಟು?"

"ಒಂಬತ್ತು."

"ನಂಗಿಂತ ಮುಂದೆ ಹೋಯ್ತು ಅನ್ನು. ನಂಗೆಷ್ಟು?"

ಇದು ಅವರಿಬ್ಬರ ಭಾನುವಾರದ ರೂಢಿ. ಮೇಷ್ಟ್ರು ಕೈಗಡಿಯಾರವನ್ನು ಬಿಚ್ಚಿ ಹಾಸಿಗೆಯ ಅಂಚಿನಲ್ಲಿಟ್ಟು, ಭಾವನ ಕಾಲಿನ ಮೇಲಿನ ಹೊದಿಕೆ ಸರಿಸಿ, ನಾಲ್ಕು ನಿಮಿಷ ನೋಡುತ್ತಿದ್ದರು. ಭಾವ ಮುಖ ಕೆಂಪಾಗುವಷ್ಟು ಪ್ರಯತ್ನಪಡುತ್ತಿದ್ದರು.

"ಸೊನ್ನೆ."

"ನಿನ್ನೆ ಹೆಬ್ಬೆರಳು ಅಲುಗಿತ್ತು ಕಣೋ. ನಿಮ್ಮಕ್ಕನೇ ನೋಡಿದ್ಲು."

"ಅದು ಸೆಳೆತ. ತಾನಾಗಿ ಆಗೋದು. ಲೆಕ್ಕಕ್ಕಿಲ್ಲ."

"ಮನೆ ಅಳಿಯನಿಗೆ ಒಂದು ಅಂಕ ಕೊಡೋಕಾಗಲ್ವಾ ನಿನಗೆ? ಹೆಣ್ಣು ಕೊಟ್ಟಿದ್ದೀರಿ, ಒಂದು ಅಂಕ ಕೊಡಿ!"

"ಹೆಣ್ಣು ಕೊಟ್ಟಿದ್ದು ನಮ್ಮಪ್ಪ. ಅಂಕ ಕೊಡೋದು ನಾನು."

"ಇಬ್ಬರೂ ಬಾಯಿ ಮುಚ್ಚಿ, ಚಹಾ ಆರ್ತಿದೆ" ಎಂದು ಅಕ್ಕ ಹೇಳುವವರೆಗೆ ಇದು ನಡೆಯುತ್ತಿತ್ತು.

ಭಾವನಿಗೆ ನಮ್ಮ ಪ್ರಯೋಗದ ವಿಷಯ ಗೊತ್ತಿತ್ತು. ಹೊಸದೊಂದು ಮದ್ದು, ಕೆಂಪು ಮುಚ್ಚಳದ ಸೀಸೆಯಲ್ಲೋ ಬಿಳಿ ಮುಚ್ಚಳದ ಸೀಸೆಯಲ್ಲೋ ಇದೆ. ಇನ್ನೊಂದರಲ್ಲಿ ಬರೀ ಉಪ್ಪುನೀರು. ಯಾವುದರಲ್ಲಿ ಯಾವುದು ಎಂಬುದು ಮೊಹರು ಮಾಡಿದ ಲಕೋಟೆಯಲ್ಲಿದೆ, ಎಂಟು ವಾರ ಮುಗಿದ ಮೇಲೆ ತೆರೆಯುತ್ತಾರೆ. ಇಷ್ಟನ್ನು ಮೇಷ್ಟ್ರು ಹೇಳಿದ್ದರು. ಭಾವ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿಟ್ಟಿದ್ದರು. ಇಲಿಗೆ ಹಿಡಿಸಿದ ಮದ್ದು ಮನುಷ್ಯರವರೆಗೆ ಬರಲು ಹತ್ತು ವರ್ಷವಾದರೂ ಬೇಕೆಂದು ಮೇಷ್ಟ್ರು ಎಷ್ಟು ಸಲ ಹೇಳಿದರೂ, "ನಾನೆಲ್ಲಿಗೂ ಓಡಿಹೋಗಲ್ವಲ್ಲ" ಎನ್ನುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಡಾಕ್ಟರಮ್ಮ ಲಕೋಟೆ ತೆರೆದರು. ಅವರು ಚುಚ್ಚುಮದ್ದನ್ನು ಇನ್ನೊಬ್ಬರ ಕೈಗೆ ಬಿಡದ ಹೆಂಗಸು. ಎಂಟು ವಾರವೂ ತಾವೇ ಚುಚ್ಚಿದ್ದರು. ಕೆಂಪು ಮುಚ್ಚಳವೇ ಮದ್ದು. ಕೆಂಪಿನ ಇಲಿಗಳ ಸರಾಸರಿ ಹನ್ನೊಂದು, ಬಿಳಿಯವು ಒಂಬತ್ತು. ಒಂಬತ್ತಕ್ಕೂ ಹನ್ನೊಂದಕ್ಕೂ ನಡುವೆ ಇರುವುದು ನಿಲ್ಲುವುದಕ್ಕೂ ನಡೆಯುವುದಕ್ಕೂ ಇರುವ ಅಂತರ. ಡಾಕ್ಟರಮ್ಮ ನಕ್ಕರು. ಅವರ ಹಲ್ಲು ನೋಡಿದ್ದು ನನಗೆ ಅದೇ ಮೊದಲು.

"ಮೇಷ್ಟ್ರೇ, ನಿಮ್ಮಂಥ ಜಿಪುಣರ ಕೈಯಿಂದ ಹನ್ನೊಂದು ಬಂತು ಅಂದ್ರೆ ಇನ್ನು ಯಾರೂ ಪ್ರಶ್ನೆ ಮಾಡೋ ಹಾಗಿಲ್ಲ" ಎಂದರು.

ಮೇಷ್ಟ್ರು ಅಂದು ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟರಂತೆ. ಇದನ್ನು ಅಕ್ಕ ನನಗೆ ಆಮೇಲೆ ಹೇಳಿದರು.  ಭಾವ, ಏಳು ವರ್ಷದಿಂದ ಮಂಚದ ಕೆಳಗಿದ್ದ ಕೆಲಸದ ಬೂಟುಗಳನ್ನು ತೆಗೆಸಿ, ಒರೆಸಿ, ಪಾಲಿಶ್ ಹಾಕಿಸಿ, ಬಾಗಿಲ ಬಳಿ ಇಡಿಸಿದರಂತೆ. ಅಕ್ಕ ಹಳೆಯ ಲಾಡಿ ಕಿತ್ತು ಹೊಸದು ಪೋಣಿಸಿದರಂತೆ.

ಸೋಮವಾರ ಬೆಳಗ್ಗೆ ಡಾಕ್ಟರಮ್ಮನ ಕೋಣೆಯ ಗೋಡೆಯ ಮೇಲೆ ಒಂದು ಪಟ್ಟಿಯಿತ್ತು: ಯಾವ ಗೂಡಿನ ಇಲಿಗೆ ಕೆಂಪು, ಯಾವುದಕ್ಕೆ ಬಿಳಿ. ಕಸದ ಬುಟ್ಟಿ ತರಲು ಹೋದ ಮೇಷ್ಟ್ರು ಅದನ್ನು ಓದಿದರು. ಗೂಡುಗಳ ಸಂಖ್ಯೆಗಳು ಕ್ರಮವಾಗಿರಲಿಲ್ಲ. ನೋಡಿದವರಿಗೆ ಚೆನ್ನಾಗಿ ಕಲಸಿದ ಹಾಗೆಯೇ ಕಾಣುತ್ತಿತ್ತು. ಆದರೆ ಯಾವ ಗೂಡು ಎಲ್ಲಿ ಕೂತಿದೆ ಎಂಬುದು ಮೇಷ್ಟ್ರಿಗೆ ಕಣ್ಣು ಮುಚ್ಚಿದರೂ ಗೊತ್ತು. ಕೆಂಪು ಪೂರಾ ಮೇಲಿನ ಸಾಲು. ಬಿಳಿ ಪೂರಾ ಕೆಳಗಿನ ಸಾಲು.

ಡಾಕ್ಟರಮ್ಮ ಸೀಸೆಗಳು ಅದಲುಬದಲಾಗದಿರಲಿ ಎಂಬ ಮುನ್ನೆಚ್ಚರಿಕೆಯಿಂದ ಹಾಗೆ ಜೋಡಿಸಿಕೊಂಡಿದ್ದರು. ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಮೇಷ್ಟ್ರಿಗೂ ಒಂದು ಜೋಡಣೆಯಿತ್ತು, ಅದು ಮಂಡಿಯದು. ಅವರ ಮಂಡಿ ಬೆಳಗ್ಗೆ ಮಾತು ಕೇಳುತ್ತಿತ್ತು, ಒಂಬತ್ತರ ಮೇಲೆ ಕೇಳುತ್ತಿರಲಿಲ್ಲ. ಆದ್ದರಿಂದ ಆರೂವರೆಗೆ ಬಂದವರೇ ಬಗ್ಗಿ ಕೆಳಗಿನ ಸಾಲಿನ ಇಲಿಗಳ ಮೂತ್ರ ತೆಗೆದು ಮುಗಿಸುತ್ತಿದ್ದರು. ಆಮೇಲೆ ಕಸ, ನೀರು, ಕಾಳು. ಒಂಬತ್ತರಿಂದ, ನಿಂತುಕೊಂಡೇ, ಮೇಲಿನ ಸಾಲು. ಹತ್ತಕ್ಕೆ ಪರೀಕ್ಷೆ. ಮೇಲಿನ ಇಲಿಗಳು ಆಗತಾನೆ ಹಗುರಾಗಿ ಬರುತ್ತಿದ್ದವು. ಕೆಳಗಿನವು ಮೂರು ಗಂಟೆಯ ಮೂತ್ರ ಹೊತ್ತು ಬರುತ್ತಿದ್ದವು. ತುಂಬಿದ ಇಲಿಯ ಹಿಂಗಾಲು ಬಿಗಿಯುತ್ತದೆ, ಪಾದ ಸರಿಯಾಗಿ ಊರುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರೂ ಮೇಷ್ಟ್ರೇ. ಪರೀಕ್ಷೆಗೆ ಮುಂಚೆ ಮೂತ್ರ ತೆಗೆದಿರಬೇಕೆಂಬ ನಿಯಮವಿತ್ತು, ತೆಗೆದೂ ಇತ್ತು. ಎಷ್ಟು ಮುಂಚೆ ಎಂದು ಎಲ್ಲೂ ಬರೆದಿರಲಿಲ್ಲ.

ನಾನು ತೊಟ್ಟಿ ತೊಳೆಯುತ್ತಿದ್ದೆ. ಅವರು ಬಾಗಿಲಲ್ಲಿ ಬಂದು ನಿಂತರು, ಕೈಯಲ್ಲಿ ಕಸದ ಬುಟ್ಟಿ ಇತ್ತು, ಕಸ ಹಾಗೇ ಇತ್ತು.

"ತಂಗಿ, ಡಾಕ್ಟರಮ್ಮನ ಕೋಣೆಗೆ ಹೋಗಿದ್ಯಾ?"

"ಇಲ್ಲ."

"ಹೋಗಬೇಡ. ಗೋಡೆ ನೋಡಬೇಡ. ಯಾಕೆ ಅಂತ ಕೇಳಬೇಡ."

ಕೇಳಲಿಲ್ಲ. ಅವರು ಹೋದರು. ಗೋಡೆ ತೆಳ್ಳಗಿತ್ತು, ಆದರೆ ನಾನು ನಲ್ಲಿ ಜೋರಾಗಿ ಬಿಟ್ಟುಕೊಂಡೆ. ಒಳಗೆ ನಡೆದ ಮಾತನ್ನು ಡಾಕ್ಟರಮ್ಮನೇ ಮುಂದೆ ನನಗೆ ಹೇಳಿದರು.

"ನಿಮ್ಮ ಮಂಡಿಗೂ ನನ್ನ ಮದ್ದಿಗೂ ಏನ್ರೀ ಸಂಬಂಧ?" ಎಂದು ಅವರು ರೇಗಿದರಂತೆ.

"ಸಂಬಂಧ ಇಲ್ದೇ ಇದ್ರೆ ಒಳ್ಳೇದೇ ಅಮ್ಮ. ನೋಡೋಕೆ ನಾಲ್ಕು ದಿನ ಸಾಕು. ಇಲಿಗಳು ಇನ್ನೂ ಇವೆ. ನಾಳೆಯಿಂದ ಮೇಲಿನ ಸಾಲಿಗೆ ಬೆಳಗ್ಗೆ, ಕೆಳಗಿನದಕ್ಕೆ ಒಂಬತ್ತಕ್ಕೆ. ತಿರುಗಿಸಿ ಮಾಡ್ತೀನಿ."

"ಒಂಬತ್ತಕ್ಕೆ ನಿಮಗೆ ಬಗ್ಗೋಕಾಗಲ್ಲ ಅಂದ್ರಲ್ಲ?"

"ಬಗ್ತೀನಿ."

"ಅಂಕ ಯಾರು ಹಾಕ್ತಾರೆ?"

"ನಾನಂತೂ ಹಾಕೋ ಹಾಗಿಲ್ಲ, ಪಟ್ಟಿ ನೋಡಿ ನನ್ನ ಕಣ್ಣು ಕೆಟ್ಟಿದೆ. ಆ ಹುಡುಗಿ ಹಾಕ್ಲಿ, ಅವಳು ಏನೂ ನೋಡಿಲ್ಲ. ನನಗಿಂತ ಒಂದು ಕೈ ಹೆಚ್ಚೇ ಜಿಪುಣಿ."

ಆಗ ನನಗೆ ನಲವತ್ತೊಂದು ವರ್ಷ. ಹುಡುಗಿ ಎಂದದ್ದನ್ನು ಕ್ಷಮಿಸಿದ್ದೇನೆ.

ಮಂಗಳವಾರದಿಂದ ಶುಕ್ರವಾರದವರೆಗೆ ದಿನವೂ ಪರೀಕ್ಷೆ ನಡೆಯಿತು. ಡಾಕ್ಟರಮ್ಮ ಡಬ್ಬಿ ತಂದರು, ನಾನು ಒಬ್ಬಳೇ ನೋಡಿದೆ, ಒಬ್ಬಳೇ ಬರೆದೆ. ಎದುರಿನ ಸ್ಟೂಲು ಖಾಲಿಯಿತ್ತು. ಮೇಷ್ಟ್ರು ಹೊರಗಿನ ಬೆಂಚಿನ ಮೇಲೆ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕುಳಿತಿರುತ್ತಿದ್ದರು. ನನಗೆ ಏನೂ ತಿಳಿದಿರಲಿಲ್ಲ. ಅವರು ಏನೋ ತಪ್ಪು ಮಾಡಿದ್ದಾರೆ, ನನ್ನನ್ನು ಅದಕ್ಕೆ ಸಾಕ್ಷಿಯಾಗಿ ಕೂರಿಸಿದ್ದಾರೆ ಎಂಬಷ್ಟೇ ಊಹೆಯಿತ್ತು. ಆದ್ದರಿಂದ ಎಂದಿಗಿಂತ ಬಿಗಿಯಾಗಿ ನೋಡಿದೆ.

ಶುಕ್ರವಾರ ಡಾಕ್ಟರಮ್ಮ ನನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿ ಕೂಡಿ ಭಾಗಿಸಿದರು. ಕೆಂಪು ಒಂಬತ್ತೂವರೆಗೆ ಇಳಿದಿತ್ತು. ಬಿಳಿ, ಬರೀ ಉಪ್ಪುನೀರು ಚುಚ್ಚಿಸಿಕೊಂಡಿದ್ದ ಬಿಳಿ, ಹನ್ನೊಂದಕ್ಕೆ ಏರಿತ್ತು. ಡಾಕ್ಟರಮ್ಮ ಕಾಗದವನ್ನು ಮಗುಚಿ ಹಿಂಬದಿಯನ್ನೂ ನೋಡಿದರು. ಹಿಂಬದಿ ಖಾಲಿಯಿತ್ತು.

"ನನ್ನ ಸಾಲು, ನಿಮ್ಮ ಮಂಡಿ" ಎಂದರು ಕೊನೆಗೆ. "ಪುಸ್ತಕದಲ್ಲಿ ಏನಂತ ಬರೀಲಿ?"

"ಹಾಗೇ ಬರೀರಿ ಅಮ್ಮ."

ಅವರು ಹಾಗೆಯೇ ಬರೆದರು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಆ ದಿನಾಂಕದ ಪುಟದಲ್ಲಿ ಇಂದಿಗೂ ಇದೆ: ಮದ್ದಿನಿಂದ ವ್ಯತ್ಯಾಸ ಕಂಡುಬಂದಿಲ್ಲ, ಹಿಂದೆ ಕಂಡ ವ್ಯತ್ಯಾಸಕ್ಕೆ ಕಾರಣ, ಗೂಡುಗಳ ಜೋಡಣೆ ಮತ್ತು ಇಲಿ ಪಾಲಕರ ಮಂಡಿ. ಮೇಷ್ಟ್ರು ಓದಿ ನೋಡಿ, ಎಡಗಡೆಯ ಮಂಡಿ ಎಂದು ತಿದ್ದಿಸಿದರು.

ಪ್ರಯೋಗಾಲಯದ ಮಟ್ಟಿಗೆ ಇದು ಇಲ್ಲಿಗೆ ಮುಗಿಯಿತು. ಆದರೆ ಬಾಗಿಲ ಬಳಿ ಪಾಲಿಶ್ ಹಾಕಿದ ಬೂಟುಗಳಿದ್ದವು.

"ನೀನೂ ಬಾ ತಂಗಿ. ನಾನೊಬ್ಬನೇ ಹೇಳಿದ್ರೆ ತಮಾಷೆ ಅಂದ್ಕೋತಾರೆ" ಎಂದರು ಮೇಷ್ಟ್ರು. ಅವರು ಜೀವಮಾನದಲ್ಲಿ ತಮಾಷೆ ಮಾಡಿದ್ದನ್ನು ನಾನು ಕಂಡಿರಲಿಲ್ಲ, ಆದರೂ ಹೋದೆ. ಲಿಫ್ಟ್ ಕೆಟ್ಟಿತ್ತು. ಎರಡು ಮಹಡಿಯ ಮೆಟ್ಟಿಲನ್ನು ಅವರು ಆ ಮಂಡಿಯಲ್ಲಿ ಒಂದೊಂದಾಗಿ ಹತ್ತಿದರು.

ಭಾವ ಪೂರ್ತಿ ಕೇಳಿದರು. ಮೇಲಿನ ಸಾಲು, ಕೆಳಗಿನ ಸಾಲು, ಆರೂವರೆ, ಒಂಬತ್ತು. ಮೇಷ್ಟ್ರು ಒಂದನ್ನೂ ಬಿಡದೆ ಹೇಳಿದರು. ನಾನು ನನ್ನ ಅಂಕಗಳನ್ನು ಹೇಳಿದೆ.

"ಅಂದ್ರೆ" ಎಂದರು ಭಾವ, "ಇಲಿ ನಡೆದಿದ್ದು ಉಚ್ಚೆ ಹೊಯ್ದಿದ್ದಕ್ಕೆ?"

"ಹೂಂ."

"ಮದ್ದಿಗಲ್ಲ?"

"ಅಲ್ಲ."

"ಆ ಸೇವೆ ನಿಮ್ಮಕ್ಕ ನಂಗೆ ಏಳು ವರ್ಷದಿಂದ ಮಾಡ್ತಿದ್ದಾಳಲ್ಲೋ! ನಂಗ್ಯಾಕೆ ಹನ್ನೊಂದು ಬರ್ಲಿಲ್ಲ?"

"ಬಾಯಿ" ಎಂದರು ಅಕ್ಕ.

ಯಾರೂ ನಗಲಿಲ್ಲ. ಭಾವ ಕುರ್ಚಿಯ ಗಾಲಿಯನ್ನು ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿದರು. ಕಿಟಕಿಯ ಹೊರಗೆ ಎದುರು ಕಟ್ಟಡದ ಗೋಡೆ, ಎಂಟಡಿ ದೂರದಲ್ಲಿ. ಅದನ್ನೇ ನೋಡುತ್ತ, "ಹೇಳದೇ ಇರಬಹುದಿತ್ತಲ್ಲೋ" ಎಂದರು. "ಹತ್ತು ವರ್ಷ ಅಂದಿದ್ದೆ. ಹತ್ತು ವರ್ಷ ನಾನು ಸುಮ್ನೆ ಬೂಟು ನೋಡ್ಕೊಂಡು ಕೂತಿರ್ತಿದ್ದೆ. ನಿಂಗೇನು ಹೋಗ್ತಿತ್ತು?"

 

ಅದಾದ ಮೇಲೆ ಐದು ಭಾನುವಾರ ಭಾವ ಅಂಕ ಕೇಳಲಿಲ್ಲ. ಇಲಿಯ ವಿಷಯ ಎತ್ತಲಿಲ್ಲ. ಮೇಷ್ಟ್ರನ್ನು ಭಾಮೈದ ಎನ್ನದೆ, ಹೊರಗಿನವರನ್ನು ಕರೆದ ಹಾಗೆ "ನೋಡಿ", "ಕೇಳಿ" ಎಂದು ಮಾತಾಡಿಸಿದರು. ಅಕ್ಕ ಹೇಳುವಂತೆ, ಬೈದಿದ್ದರೂ ವಾಸಿಯಿತ್ತು. ಮೇಷ್ಟ್ರು ಪ್ರತಿ ಭಾನುವಾರ ಕೈಗಡಿಯಾರ ಬಿಚ್ಚಿ ಹಾಸಿಗೆಯ ಅಂಚಿನಲ್ಲಿಡುತ್ತಿದ್ದರು. ಸ್ವಲ್ಪ ಹೊತ್ತು ಕುಳಿತು, ಮತ್ತೆ ಕಟ್ಟಿಕೊಂಡು ಏಳುತ್ತಿದ್ದರು. ಬೂಟುಗಳು ಬಾಗಿಲ ಬಳಿಯೇ ಇದ್ದವು. ಮಂಚದ ಕೆಳಗಿಡಲು ಯಾರೂ ಹೇಳಲಿಲ್ಲ, ಅಕ್ಕ ಕೇಳಲೂ ಇಲ್ಲ. ಗುಡಿಸುವಾಗ ಎತ್ತಿ, ಗುಡಿಸಿ, ಅಲ್ಲೇ ಇಡುತ್ತಿದ್ದರು.

ಪ್ರಯೋಗಾಲಯದಲ್ಲಿ ಮೇಷ್ಟ್ರು ಮತ್ತೆ ತಮ್ಮ ಸ್ಟೂಲಿಗೆ ಬಂದರು. ಹೊಸ ಇಲಿಗಳು ಬಂದವು, ಹೊಸ ನಿಯಮವೂ ಬಂತು: ಪರೀಕ್ಷೆಯ ದಿನ ಪ್ರತಿ ಇಲಿಯ ಮೂತ್ರವನ್ನು ತೊಟ್ಟಿಗೆ ಬಿಡುವ ಹದಿನೈದು ನಿಮಿಷ ಮುಂಚೆ ತೆಗೆಯತಕ್ಕದ್ದು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಎರಡನೆಯ ಬಾಗಿಲಿಗೆ ಅಂಟಿಸಿದವಳು ನಾನು. ಮೂತ್ರ ತೆಗೆಯುವ ಕೆಲಸವನ್ನೂ ನನಗೇ ವಹಿಸಿದರು, ಏಕೆಂದರೆ ನನ್ನ ಎರಡು ಮಂಡಿಯೂ ಚೆನ್ನಾಗಿದ್ದವು. ಮೇಷ್ಟ್ರ ಅಂಕಗಳು ಮೊದಲಿನಂತೆಯೇ ಇದ್ದವು. ಒಂದು ಬದಲಾವಣೆ ಮಾತ್ರ ಕಂಡೆ: ಬರೆದ ಕಾಗದವನ್ನು ಮಗುಚುವ ಮೊದಲು ಒಂದು ಕ್ಷಣ ತಡೆಯುತ್ತಿದ್ದರು.

ಆರನೆಯ ಭಾನುವಾರ ನಾನು ಹೋದಾಗ ಭಾವ ಕುರ್ಚಿಯಲ್ಲಿರಲಿಲ್ಲ. ಹಾಸಿಗೆಯ ಮೇಲೆ ಮಲಗಿ, ಹೊದಿಕೆಯನ್ನು ತಾವೇ ಮಂಡಿಯ ಮೇಲಕ್ಕೆ ಎಳೆದುಕೊಂಡಿದ್ದರು.

"ಬಾಮ್ಮ. ಇಬ್ಬರು ನೋಡಬೇಕು ಅಂತಲ್ವಾ ನಿಮ್ಮ ನಿಯಮ? ಇಷ್ಟು ವರ್ಷ ನಿಯಮ ತಪ್ಪಿಸಿ ಒಬ್ಬನೇ ಅಂಕ ಹಾಕಿದ್ದಾನೆ ನನ್ನ ಭಾಮೈದ. ಒಪ್ಪಲ್ಲ ನಾನು."

ಮೇಷ್ಟ್ರು ಕಿಟಕಿಯ ಬಳಿ ನಿಂತಿದ್ದರು. ಭಾಮೈದ ಎಂಬುದನ್ನು ಕೇಳಿ ಇತ್ತ ತಿರುಗಿದರು, ಗಡಿಯಾರ ಬಿಚ್ಚಿದರು.

ಹಾಸಿಗೆಯ ಆ ಕಡೆ ಅವರು ಕುಳಿತರು, ಈ ಕಡೆ ನಾನು. ಅಕ್ಕ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಎರಡು ತುಂಡು ಮಾಡಿ ಕೊಟ್ಟರು. ನನಗೆ ಬಂದ ತುಂಡಿನಲ್ಲಿ ಸುತ್ತು ಹಾಕಿದ ದಿನಾಂಕವಿತ್ತು. ಮಗುಚಿ, ಖಾಲಿ ಬದಿಯನ್ನು ಮೇಲೆ ಮಾಡಿಕೊಂಡೆ.

ನಾಲ್ಕು ನಿಮಿಷ ಎಷ್ಟು ಉದ್ದವೆಂಬುದು ತೊಟ್ಟಿಯ ಬಳಿ ತಿಳಿಯುವುದಿಲ್ಲ. ಎರಡನೆಯ ನಿಮಿಷದಲ್ಲಿ ಎಡಗಾಲಿನ ಹೆಬ್ಬೆರಳು ಅಲುಗಿತು. ಭಾವನ ಉಸಿರು ನಿಂತದ್ದು ನನಗೆ ಕೇಳಿಸಿತು. ನಾನು ತಲೆ ಎತ್ತಲಿಲ್ಲ. ಬೆರಳು ಇನ್ನೆರಡು ಸಲ ಅಲುಗಿತು, ಅಷ್ಟೇ ಅಂತರದಲ್ಲಿ, ಅಷ್ಟೇ ಪ್ರಮಾಣದಲ್ಲಿ. ಭಾವ ಹಲ್ಲು ಕಚ್ಚಿ ಪ್ರಯತ್ನಿಸಿದಾಗ ಅಲುಗಲಿಲ್ಲ. ಸುಸ್ತಾಗಿ ಬಿಟ್ಟಾಗ ಅಲುಗಿತು. ಒಂದು ಎಂದು ಬರೆಯಲು ನನ್ನ ಕೈಗೆ ಬಹಳ ಇಷ್ಟವಿತ್ತು. ಸೊನ್ನೆ ಬರೆದು ಮಗುಚಿಟ್ಟೆ.

ಅಕ್ಕ ಎರಡು ತುಂಡನ್ನೂ ತಿರುಗಿಸಿ ನೋಡಿ ಭಾವನ ಎದೆಯ ಮೇಲೆ ಇಟ್ಟರು. ಭಾವ ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿದರು.

"ಬೆರಳು ಅಲುಗಿತು. ಇಬ್ಬರೂ ನೋಡಿದ್ರಿ."

"ನೋಡಿದ್ವಿ" ಎಂದರು ಮೇಷ್ಟ್ರು.

"ನೀನೂ?"

"ನೋಡಿದೆ" ಎಂದೆ. "ಸೆಳೆತ."

"ಇಬ್ರೂ ಮೊದಲೇ ಮಾತಾಡ್ಕೊಂಡಿಲ್ಲ ತಾನೆ?"

"ಇಲ್ಲ."

ಭಾವ ಆ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಮಡಿಸಿ, ದಿಂಬಿನ ಕೆಳಗೆ ಸೇರಿಸಿದರು.

"ಸರಿ. ಹಾಗಾದ್ರೆ ಯಾವತ್ತಾದ್ರೂ ನೀವು ಒಂದು ಅಂತ ಬರೆದ್ರೆ, ಅದು ನಿಜವಾಗ್ಲೂ ಒಂದೇ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಬೂಟು ಅಲ್ಲೇ ಇರ್ಲಿ. ಚಹಾ ಕೊಡು ಇವರಿಗೆ. ಇವಳು ಮುಂದಿನ ವಾರಾನೂ ಬರಬೇಕು" ಎಂದರು.

ಮೇಷ್ಟ್ರು ಗಡಿಯಾರ ಕಟ್ಟಿಕೊಂಡರು. ನಾನು ಮುಂದಿನ ವಾರವೂ ಹೋದೆ. ಸೊನ್ನೆ.